ಥಂಡಿ ಖೋಲಿ: ಜತ್ತ ತಾಲೂಕಿನ ದಾಳಿಂಬೆ ಮನೆಯಲ್ಲಿ ಒಂದು ಏರ್ ಕಂಡೀಷನರ್

ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನಾನು ಆಡಿದ ಮಾತನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ವಾಕ್ಯಗಳನ್ನು ಅಲ್ಲಲ್ಲಿ ತಿದ್ದಿದ್ದೇನೆ, ಆದರೆ ಮಾತಿನ ಧಾಟಿಯನ್ನು ಪೂರ್ತಿ ಒರೆಸಿಲ್ಲ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ವಿಷಯ ಸಣ್ಣದು. ಒಂದು ಖೋಲಿ, ಅದಕ್ಕೆ ಒಂದು ಮಾಮೂಲಿ ಎ.ಸಿ., ಒಳಗೆ ಹಣ್ಣಿನ ಕ್ರೇಟುಗಳು. ಮನುಷ್ಯ ಒಳಗೆ ನಡೆದು ಹೋಗಿ ಬರುವಷ್ಟು ದೊಡ್ಡ ಫ್ರಿಜ್ ಅಂತ ತಿಳ್ಕೊಳ್ರಿ. ಕನ್ನಡದಲ್ಲೂ ಮರಾಠಿಯಲ್ಲೂ ‘ಶೀತಗೃಹ’ ಎಂಬ ಒಂದೇ ಶಬ್ದವಿದೆ. ಆದರೆ ಜತ್ತ ತಾಲೂಕಿನ ನಮ್ಮ ಕಡೆ ಶೀತಗೃಹ ಅಂದರೆ ಸಾಂಗಲಿ, ತಾಸಗಾಂವ ರಸ್ತೆಯ ಆ ದೊಡ್ಡ ಕಟ್ಟಡವೇ ಕಣ್ಣಿಗೆ ಬರುತ್ತದೆ. ಮನೆಯ ಹಿತ್ತಲಲ್ಲಿರುವ ಸಣ್ಣದಕ್ಕೆ ಬೇರೆ ಹೆಸರು ಬೇಕಾಯಿತು. ನಮ್ಮ ಅವ್ವ ಅದನ್ನು ‘ಥಂಡಿ ಖೋಲಿ’ ಅಂದಳು, ಅದೇ ಉಳಿಯಿತು.

ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಎಲ್ಲರ ಕಣ್ಣು ಯಂತ್ರದ ಮೇಲೆ ಇರುತ್ತದೆ, ಆದರೆ ಸೋಲು ಗೆಲುವು ತೀರ್ಮಾನ ಆಗುವುದು ಗೋಡೆಯಲ್ಲಿ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ದುಡ್ಡು ಕಳೆದುಕೊಂಡು ಕಲಿತೆವು.

ಜತ್ತದ ಬಗ್ಗೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಸಾಂಗಲಿ ಜಿಲ್ಲೆಯ ಪೂರ್ವದ ತುದಿ ಇದು. ಗಡಿ ದಾಟಿದರೆ ವಿಜಯಪುರ ಜಿಲ್ಲೆ. ಉಮದಿ, ಸಂಖ, ಗುಡ್ಡಾಪುರ, ಈ ಕಡೆಯ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ಕೃಷ್ಣಾ ನದಿ ಹರಿಯುವುದು ಇದೇ ಜಿಲ್ಲೆಯಲ್ಲಿ, ಆದರೆ ಆ ಹಸಿರು ಪಶ್ಚಿಮದ ತಾಲೂಕುಗಳದ್ದು. ನಮ್ಮದು ಮಳೆಯ ನೆರಳಿನ ಬರಡು ನೆಲ. ಹನಿ ನೀರಾವರಿ ಬಂದ ಮೇಲೆ ಈ ನೆಲದಲ್ಲಿ ದ್ರಾಕ್ಷಿ, ದಾಳಿಂಬೆ ನಿಂತವು. ಕಡಿಮೆ ನೀರು, ಒಣ ಹವೆ, ಹಗುರ ಮಣ್ಣು ದಾಳಿಂಬೆಗೆ ಒಗ್ಗುತ್ತವೆ. ಪಕ್ಕದ ಸೊಲ್ಲಾಪುರದಲ್ಲಿ 2005ರಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಶುರುವಾದದ್ದೂ ಸುಮ್ಮನೆ ಅಲ್ಲ.

ದಾಳಿಂಬೆಗೆ ವರ್ಷದಲ್ಲಿ ಮೂರು ‘ಬಹಾರ’ಗಳಿವೆ: ಅಂಬೆ, ಮೃಗ, ಹಸ್ತ. ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಯಾವ ಕಾಲಕ್ಕೆ ಹೂ ಬೇಕೋ ಆ ಕಾಲಕ್ಕೆ ಮತ್ತೆ ನೀರು ಬಿಡುತ್ತಾರೆ. ಅಂದರೆ ಹೂ ಬರುವ ಕಾಲವನ್ನು ರೈತ ಆರಿಸಿಕೊಳ್ಳಬಹುದು. ಆದರೆ ಹಣ್ಣು ಬಲಿತ ಮೇಲೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಗಿಡದಲ್ಲೇ ಬಿಟ್ಟರೆ ಹಣ್ಣು ಸೀಳುತ್ತದೆ. ಕಿತ್ತಿಟ್ಟರೆ ಸಿಪ್ಪೆ ಒಣಗಿ ತೂಕ ಇಳಿಯುತ್ತದೆ. ವ್ಯಾಪಾರಿ ಬಂದ ದಿನ ಹೇಳಿದ ದರವೇ ದರ. ‘ಇವತ್ತ ಕೊಡಲಿಲ್ಲಂದ್ರ ನಾಳೆ ಇದರಾಗ ಎರಡ ರೂಪಾಯಿ ಕಡಿಮಿ’ ಅಂತ ಅವನು ಅಂದರೆ ಎದುರು ಮಾತಾಡುವ ದಾರಿಯಿಲ್ಲ. ಹಣ್ಣನ್ನು ಎರಡು ಮೂರು ವಾರ ಸುಮ್ಮನೆ ಇಟ್ಟುಕೊಳ್ಳಲು ಆದರೆ ಆ ಮಾತು ಬೇರೆ ರೀತಿ ನಡೆಯುತ್ತದೆ. ಥಂಡಿ ಖೋಲಿ ಕೊಡುವುದು ಆ ಎರಡು ಮೂರು ವಾರಗಳನ್ನು, ಅದಕ್ಕಿಂತ ದೊಡ್ಡ ಆಸೆ ಇಟ್ಟುಕೊಳ್ಳಬಾರದು.

ಹಾಗಾದರೆ ದೊಡ್ಡ ಶೀತಗೃಹಕ್ಕೆ ಯಾಕೆ ಒಯ್ಯಬಾರದು? ಸಾಂಗಲಿ ಭಾಗದ ಶೀತಗೃಹಗಳ ಮುಖ್ಯ ಗಿರಾಕಿ ಒಣದ್ರಾಕ್ಷಿ, ನಮ್ಮ ಕಡೆಯ ಮಾತಿನಲ್ಲಿ ಬೇದಾಣಿ. ಐವತ್ತು ಕ್ರೇಟು ದಾಳಿಂಬೆ ಹಿಡಿದುಕೊಂಡು ಹೋದರೆ ಗಾಡಿ ಬಾಡಿಗೆಗೂ ಸಾಲುವುದಿಲ್ಲ. ಸರಕಾರದ ತೋಟಗಾರಿಕೆ ಮಿಷನ್ ಸಹಾಯಧನ ಕೊಡುತ್ತಿದ್ದ ಕೋಲ್ಡ್ ರೂಮ್ ಲೆಕ್ಕ ಹಿಡಿಯುತ್ತಿದ್ದದ್ದು 30 ಟನ್ನಿಗೆ. ಎರಡು ಮೂರು ಎಕರೆಯ ಮನೆಗೆ ಒಂದು ಸಲದ ಕೊಯ್ಲಿನಲ್ಲಿ ಬರುವುದು ಅರ್ಧ ಟನ್, ಒಂದು ಟನ್. ಈ ಮೂವತ್ತಕ್ಕೂ ಒಂದಕ್ಕೂ ನಡುವಿನ ಖಾಲಿ ಜಾಗದಲ್ಲೇ ನಮ್ಮ ಖೋಲಿ ಹುಟ್ಟಿದ್ದು.

ಇಲ್ಲಿ ಒಂದು ಅಡ್ಡ ಮಾತು. ನಮ್ಮ ಸೀಮೆಗೆ ಸಂಗ್ರಹದ ವಿದ್ಯೆ ಹೊಸದಲ್ಲ. ಸಾಂಗಲಿಯ ಪಕ್ಕ ಕೃಷ್ಣಾ ದಂಡೆಯ ಹರಿಪುರದಲ್ಲಿ ಅರಿಸಿನವನ್ನು ನೆಲದೊಳಗಿನ ‘ಪೇವ’ಗಳಲ್ಲಿ ಇಡುತ್ತಿದ್ದರು. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ನಮ್ಮ ಊರುಗಳಲ್ಲಿ ಜೋಳಕ್ಕೆ ಹಗೇವು ಇತ್ತು. ನೆಲದಲ್ಲಿ ಕೆಲವು ಮೀಟರ್ ಆಳಕ್ಕೆ ಹೋದರೆ ಬೇಸಿಗೆ ಚಳಿಗಾಲದ ಏರಿಳಿತ ಮುಟ್ಟುವುದಿಲ್ಲ, ಗಾಳಿಯಾಡುವುದಿಲ್ಲ, ಹುಳಕ್ಕೆ ಉಸಿರಿಲ್ಲ. ಜಾಣ ವ್ಯವಸ್ಥೆ. ಆದರೆ ಗಮನಿಸಿ, ಅರಿಸಿನ, ಜೋಳ, ಬೇದಾಣಿ ಎಲ್ಲವೂ ಒಣ ಪದಾರ್ಥ. ನಮ್ಮ ಹಿರಿಯರ ಸಂಗ್ರಹ ಜ್ಞಾನ ಪೂರ್ತಿ ಒಣ ಪದಾರ್ಥದ್ದು. ದ್ರಾಕ್ಷಿ ಬಂದಾಗಲೂ ನಾವು ಮಾಡಿದ್ದು ಅದನ್ನು ಒಣಗಿಸುವ ಕೆಲಸವನ್ನೇ. ಹಸಿ ಹಣ್ಣನ್ನು ಹಸಿಯಾಗಿಯೇ ಇಡುವ ಪ್ರಶ್ನೆ ಮೊನ್ನೆ ಮೊನ್ನೆಯದು.

‘ಮಣ್ಣಿನ ಮನಿ ತಂಪ ಇರ್ತದಲ್ಲ, ಅದರಾಗ ಎ.ಸಿ. ಹಾಕಿದ್ರ ಆತು’ ಅಂತ ಕಾಕಾ ಅಂದದ್ದು ಈ ಹಳೆಯ ಜ್ಞಾನದಿಂದಲೇ. ತಪ್ಪು ಅಲ್ಲೇ ಇತ್ತು. ದಪ್ಪ ಮಣ್ಣಿನ ಗೋಡೆ ಶಾಖವನ್ನು ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಹಗಲಿನ ಬಿಸಿಯನ್ನು ಹೀರಿ ರಾತ್ರಿ ಬಿಡುತ್ತದೆ, ರಾತ್ರಿಯ ತಂಪನ್ನು ಹಗಲಿಗೆ ಕೊಡುತ್ತದೆ. ಹಗಲು 40 ಡಿಗ್ರಿ, ರಾತ್ರಿ 24 ಇದ್ದರೆ ಒಳಗೆ ಮೂವತ್ತರ ಆಚೆ ಈಚೆ ಇರುತ್ತದೆ. ಮನುಷ್ಯನಿಗೆ ಅದು ಸುಖ. ಆದರೆ ನಮಗೆ ಒಳಗೆ ಬೇಕಾದದ್ದು 7 ಡಿಗ್ರಿ, ಅದೂ ದಿನವಿಡೀ. ಹೊರಗೆ ಹಗಲೂ ರಾತ್ರಿ ಅದಕ್ಕಿಂತ ಬಿಸಿಯೇ ಇರುವಾಗ ಶಾಖ ಒಂದೇ ದಿಕ್ಕಿಗೆ, ಒಳಮುಖವಾಗಿ ಹರಿಯುತ್ತಲೇ ಇರುತ್ತದೆ. ಆಗ ದಪ್ಪ ಮಣ್ಣು ಸಾಲದು, ಶಾಖನಿರೋಧಕ ಬೇಕು. ದ್ರವ್ಯರಾಶಿ ಬೇರೆ, ನಿರೋಧ ಬೇರೆ. ಈ ಒಂದು ವ್ಯತ್ಯಾಸ ಗೊತ್ತಿದ್ದಿದ್ದರೆ ನಮ್ಮ ಮೊದಲ ಬೇಸಿಗೆ ಉಳಿಯುತ್ತಿತ್ತು.

ಈಗ ಯಂತ್ರದ ಮಾತು. ನಮ್ಮ ಎ.ಸಿ.ಗಳನ್ನು 16 ಡಿಗ್ರಿಗಿಂತ ಕೆಳಗೆ ಇಳಿಸಲು ರಿಮೋಟಿನಲ್ಲಿ ಗುಂಡಿಯೇ ಇಲ್ಲ. (2020ರ ಜನವರಿಯಿಂದ ಹೊಸ ಎ.ಸಿ.ಗಳು ಚಾಲೂ ಆಗುವುದೇ 24ರಲ್ಲಿ ಎಂದು ಇಂಧನ ದಕ್ಷತಾ ಬ್ಯೂರೋ ನಿಯಮ ಮಾಡಿದೆ. ಅದು ಆರಂಭದ ಸಂಖ್ಯೆ ಮಾತ್ರ, ಆಮೇಲೆ ಇಳಿಸಿಕೊಳ್ಳಬಹುದು.) ಕೆಳಗೆ ಇಳಿಯುವ ಶಕ್ತಿ ಯಂತ್ರಕ್ಕೆ ಇಲ್ಲವೆಂದಲ್ಲ, ಅದನ್ನು ತಡೆದು ಇಟ್ಟಿರುತ್ತಾರೆ. ತಡೆಗೆ ಕಾರಣವೂ ಇದೆ. ಒಳಗಿನ ಗಾಳಿ ಬಹಳ ತಣ್ಣಗಾದರೆ ಕಾಯಿಲಿನ ತೆಳು ರೆಕ್ಕೆಗಳ ಮೇಲೆ ಹವೆಯ ನೀರಿನಂಶ ಹಿಮವಾಗಿ ಕೂರುತ್ತದೆ. ಹಿಮ ಬೆಳೆದು ಗಾಳಿಯ ದಾರಿ ಮುಚ್ಚುತ್ತದೆ. ಆಮೇಲೆ ಕಂಪ್ರೆಸರ್ ಸುಮ್ಮನೆ ತಿರುಗುತ್ತದೆ, ಖೋಲಿ ತಣ್ಣಗಾಗುವುದಿಲ್ಲ, ಕೊನೆಗೆ ಕಂಪ್ರೆಸರೇ ಕೆಡಬಹುದು.

ಇದಕ್ಕೆ ಉಪಾಯ ಹುಡುಕಿದವನು ಇಂಜಿನಿಯರಿಂಗ್ ಕಂಪನಿಯವನಲ್ಲ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ನ್ಯೂ ಪಾಲ್ಟ್ಜ್ ಊರಿನ ತರಕಾರಿ ರೈತ ರಾನ್ ಖೋಸ್ಲಾ. ಅವನ ಸಾಧನದ ಹೆಸರು ಕೂಲ್‌ಬಾಟ್. ಕೆಲಸ ಮಾಡುವ ರೀತಿ ಕೇಳಿದರೆ ನಗು ಬರುತ್ತದೆ, ಅಷ್ಟು ಸರಳ. ಎ.ಸಿ.ಯೊಳಗೆ ಖೋಲಿಯ ಉಷ್ಣತೆ ನೋಡುವ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದಕ್ಕೆ ಒಂದು ಪುಟ್ಟ ಹೀಟರ್ ಅಂಟಿಸುತ್ತಾರೆ. ಸೆನ್ಸರ್ ಬೆಚ್ಚಗಾಗಿ ‘ಖೋಲಿ ಇನ್ನೂ ಬಿಸಿ ಇದೆ’ ಎಂದು ನಂಬುತ್ತದೆ, ಕಂಪ್ರೆಸರ್ ನಡೆಯುತ್ತಲೇ ಇರುತ್ತದೆ. ಎರಡನೆಯ ಸೆನ್ಸರ್ ಕಾಯಿಲಿನ ರೆಕ್ಕೆಗಳ ನಡುವೆ ಕೂತು ಹಿಮ ಕಟ್ಟುತ್ತಿದೆಯೋ ನೋಡುತ್ತದೆ. ಮೂರನೆಯದು ಖೋಲಿಯ ನಿಜವಾದ ಉಷ್ಣತೆ ನೋಡುತ್ತದೆ. ಹಿಮ ಶುರುವಾಯಿತೆಂದರೆ ಪುಟ್ಟ ಹೀಟರ್ ಆರುತ್ತದೆ, ಎ.ಸಿ. ತಾನಾಗಿ ಕಂಪ್ರೆಸರ್ ನಿಲ್ಲಿಸುತ್ತದೆ, ಫ್ಯಾನ್ ಮಾತ್ರ ತಿರುಗಿ ಹಿಮ ಕರಗುತ್ತದೆ. ಮತ್ತೆ ಶುರು. ಎ.ಸಿ.ಯನ್ನು ಬಿಚ್ಚುವುದಿಲ್ಲ, ಗ್ಯಾಸ್ ಮುಟ್ಟುವುದಿಲ್ಲ. ಎಲ್ಲ ಮಾದರಿಯ ಎ.ಸಿ.ಗೂ ಇದು ಹೊಂದುವುದಿಲ್ಲ, ಅದರಲ್ಲೂ ಇನ್ವರ್ಟರ್ ಎ.ಸಿ.ಗಳ ಲೆಕ್ಕವೇ ಬೇರೆ. ಹಾಗಾಗಿ ಮೊದಲು ಎ.ಸಿ. ಕೊಂಡು ಆಮೇಲೆ ಸಾಧನ ಹುಡುಕುವುದು ತಲೆಕೆಳಗಾದ ಕ್ರಮ.

ಇನ್ನು ಗೋಡೆ. ಲೆಕ್ಕ ಹಾಕೋಣ, ಸಂಕೋಚ ಬೇಡ, ಹತ್ತನೇ ಇಯತ್ತೆಯ ಗಣಿತವೇ ಸಾಕು. ಖೋಲಿ 3 ಮೀಟರ್ ಉದ್ದ, 3 ಮೀಟರ್ ಅಗಲ, 2.4 ಮೀಟರ್ ಎತ್ತರ. ನಾಲ್ಕು ಗೋಡೆ ಮತ್ತು ಮೇಲ್ಛಾವಣಿ ಸೇರಿ ಸುಮಾರು 38 ಚದರ ಮೀಟರ್. ನೆಲವನ್ನು ಸದ್ಯ ಬಿಡೋಣ. ಹೊರಗೆ 40, ಒಳಗೆ 6, ವ್ಯತ್ಯಾಸ 34 ಡಿಗ್ರಿ. ಒಂಬತ್ತು ಇಂಚಿನ ಬರಿ ಇಟ್ಟಿಗೆ ಗೋಡೆ ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 2 ವ್ಯಾಟ್ ಶಾಖ ಬಿಡುತ್ತದೆ. ಗುಣಿಸಿದರೆ ಸುಮಾರು 2,600 ವ್ಯಾಟ್. ಅದೇ ಗೋಡೆಗೆ 100 ಮಿಲಿಮೀಟರ್ ಪಫ್ ಹಲಗೆ ಹಾಕಿದರೆ 2 ಇದ್ದದ್ದು 0.23ಕ್ಕೆ ಇಳಿಯುತ್ತದೆ, ಒಳಬರುವ ಶಾಖ ಸುಮಾರು 300 ವ್ಯಾಟ್. ಅಷ್ಟೇ ದಪ್ಪದ ಥರ್ಮಾಕೋಲ್ ಆದರೆ 460 ವ್ಯಾಟ್ ಆಸುಪಾಸು.

ಈಗ ಇದನ್ನು ಯಂತ್ರದ ಜೊತೆ ಇಟ್ಟು ನೋಡಿ. ಒಂದೂವರೆ ಟನ್ ಎ.ಸಿ. ಅಂದರೆ ಕಾಗದದ ಮೇಲೆ 5.3 ಕಿಲೋವಾಟ್ ಶಾಖ ಹೊರಹಾಕುವ ಯಂತ್ರ. (ಇಲ್ಲಿ ‘ಟನ್’ ತೂಕವಲ್ಲ, ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವ ಶಾಖದ ದರ. ಮಂಜುಗಡ್ಡೆಯ ಕಾರಖಾನೆಗಳ ಕಾಲದ ಅಳತೆ ಇನ್ನೂ ಉಳಿದಿದೆ.) ಆದರೆ ಆ ಅಂಕಿ ಒಳಗೆ 27, ಹೊರಗೆ 35 ಡಿಗ್ರಿ ಇದ್ದಾಗಿನದು. ನಾವು ಕೇಳುತ್ತಿರುವುದು ಒಳಗೆ 6, ಹೊರಗೆ 40. ಒಳಗೆ ತಣ್ಣಗಾದಷ್ಟೂ ಹೊರಗೆ ಬಿಸಿಯಾದಷ್ಟೂ ಯಂತ್ರದ ಶಕ್ತಿ ಇಳಿಯುತ್ತದೆ. ನಾನು ಭದ್ರವಾಗಿರಲೆಂದು ಅರ್ಧ ಮಾತ್ರ ಹಿಡಿಯುತ್ತೇನೆ: 2.6 ಕಿಲೋವಾಟ್. ನೋಡ್ರಿ, ಬರಿ ಇಟ್ಟಿಗೆ ಗೋಡೆಯ ಶಾಖವೂ ಅಷ್ಟೇ. ಅಂದರೆ ಯಂತ್ರದ ಪೂರ್ತಿ ದುಡಿಮೆ ಗೋಡೆಗೇ ಹೋಯಿತು, ಹಣ್ಣಿಗೆ ಸೊನ್ನೆ.

ನಮ್ಮ ಮೊದಲ ಖೋಲಿಯಲ್ಲಿ ಆದದ್ದು ಹೆಚ್ಚೂಕಡಿಮೆ ಇದೇ. ಗೊಬ್ಬರದ ಚೀಲ ಇಡುತ್ತಿದ್ದ ಇಟ್ಟಿಗೆಯ ಖೋಲಿ, ಮೇಲೆ ಸಿಮೆಂಟಿನ ಸ್ಲ್ಯಾಬ್. ಗೋಡೆಗಳಿಗೆ ಎರಡು ಇಂಚಿನ ಥರ್ಮಾಕೋಲ್ ಹಚ್ಚಿದೆವು. ದುಡ್ಡು ಮುಗಿಯಿತು ಅಂತ ಸ್ಲ್ಯಾಬಿಗೆ ಏನೂ ಹಚ್ಚಲಿಲ್ಲ. ಬಿಸಿಲು ನೇರ ಬೀಳುವುದೇ ಸ್ಲ್ಯಾಬಿನ ಮೇಲೆ. ಬರೀ ಒಂಬತ್ತು ಚದರ ಮೀಟರ್ ಸ್ಲ್ಯಾಬಿನಿಂದ ಒಂದು ಕಿಲೋವಾಟಿಗಿಂತ ಹೆಚ್ಚು ಶಾಖ ಇಳಿಯುತ್ತದೆ ಎಂದು ಆಗ ಯಾರು ಲೆಕ್ಕ ಹಾಕಿದ್ದರು? ಹಸ್ತ ಬಹಾರದ ಹಣ್ಣು, ಏಪ್ರಿಲ್ ತಿಂಗಳು. ಕಾಟಾ 13ರ ಕೆಳಗೆ ಇಳಿಯಲೇ ಇಲ್ಲ. ಯಂತ್ರ ಕೆಟ್ಟಿದೆ ಅಂತ ಮಿಸ್ತ್ರಿಯನ್ನು ಎರಡು ಸಲ ಕರೆಸಿದೆವು. ಪಾಪ, ಅವನೇನು ಮಾಡಿಯಾನು.

ಎರಡನೆಯ ತಪ್ಪು ಮಳೆಗಾಲದಲ್ಲಿ ಹೊರಬಿತ್ತು. ಥರ್ಮಾಕೋಲಿನ ಹಿಂದೆ ಗೋಡೆ ಒದ್ದೆ. ಹಲಗೆ ಕಿತ್ತು ನೋಡಿದರೆ ಕರಿ ಬೂಷ್ಟು, ವಾಸನೆ. ಛಾವಣಿ ಸೋರಿರಲಿಲ್ಲ. ಗಾಳಿಯಲ್ಲಿರುವ ನೀರಿನ ಆವಿ ಬಿಸಿ ಕಡೆಯಿಂದ ತಣ್ಣನೆಯ ಕಡೆಗೆ ಗೋಡೆಯೊಳಗಿಂದಲೇ ನುಸುಳುತ್ತದೆ. ನಡುದಾರಿಯಲ್ಲಿ ತಣ್ಣನೆಯ ಜಾಗ ಸಿಕ್ಕೊಡನೆ ನೀರಾಗಿ ಕೂರುತ್ತದೆ. ಬೇಸಿಗೆಯಲ್ಲಿ ತಂಪು ನೀರಿನ ತಂಬಿಗೆಯ ಹೊರಮೈ ಬೆವರುತ್ತದಲ್ಲ, ಅದೇ. ನಮ್ಮ ಒಣ ಸೀಮೆಯಲ್ಲೂ ಜೂನಿನಿಂದ ಸೆಪ್ಟೆಂಬರ್ ತನಕ ಹವೆಯಲ್ಲಿ ಇದಕ್ಕೆ ಸಾಕಷ್ಟು ನೀರಿರುತ್ತದೆ. ಒದ್ದೆಯಾದ ನಿರೋಧಕ ನಿರೋಧಕವೇ ಅಲ್ಲ. ಪರಿಹಾರ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ, ಆದರೆ ಅದು ನಿರೋಧಕದ ಬಿಸಿ ಕಡೆಗೆ, ಅಂದರೆ ಹೊರಮೈಗೆ ಇರಬೇಕು. ಚಳಿ ದೇಶಗಳ ಮನೆ ಕಟ್ಟುವ ಪುಸ್ತಕ ನೋಡಿದರೆ ಹಾಳೆಯನ್ನು ಒಳಗಡೆ ಹಾಕಿರುತ್ತಾರೆ, ಯಾಕೆಂದರೆ ಅಲ್ಲಿ ಬಿಸಿ ಇರುವುದು ಒಳಗೆ. ಅದನ್ನು ಹಾಗೇ ನಕಲು ಮಾಡಿದರೆ ನೀರನ್ನು ಗೋಡೆಯೊಳಗೆ ಕೂಡಿಹಾಕಿದಂತೆ. ಎರಡನೆಯ ಸಲ ನಾವು ಇಟ್ಟಿಗೆ ಗೋಡೆಯ ಒಳಮೈಗೆ ಹಾಳೆ, ಅದರ ಮೇಲೆ 100 ಮಿಲಿಮೀಟರ್ ಪಫ್, ಛಾವಣಿಗೂ ಅದೇ, ಸಂದುಗಳಿಗೆಲ್ಲ ಫೋಮ್ ಮತ್ತು ಟೇಪು, ಹೀಗೆ ಮಾಡಿದೆವು. ಎ.ಸಿ.ಯ ನೀರು ಹೊರಹೋಗುವ ಪೈಪನ್ನು ಕೆಳಗೆ ಯು ಆಕಾರದಲ್ಲಿ ಬಗ್ಗಿಸಿ ನೀರು ನಿಲ್ಲುವಂತೆ ಮಾಡಬೇಕು. ಇಲ್ಲದಿದ್ದರೆ ಆ ಸಣ್ಣ ತೂತಿನಿಂದಲೇ ಬಿಸಿಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಇದನ್ನು ಹೇಳಿದವನು ಅದೇ ಮಿಸ್ತ್ರಿ.

ಗೋಡೆಯ ನಂತರ ದೊಡ್ಡ ಹೊರೆ ಹಣ್ಣಿನೊಳಗೇ ಬರುವ ಶಾಖ, ಹೊಲದ ಶಾಖ. 500 ಕಿಲೋ ದಾಳಿಂಬೆಯನ್ನು 32 ಡಿಗ್ರಿಯಿಂದ 7ಕ್ಕೆ ಇಳಿಸಬೇಕು. ಒಂದು ಕಿಲೋ ಹಣ್ಣು ಒಂದು ಡಿಗ್ರಿ ಇಳಿಯಲು ಸುಮಾರು 3.7 ಕಿಲೋಜೂಲ್ ಬಿಟ್ಟುಕೊಡಬೇಕು. ಒಟ್ಟು 46,000 ಕಿಲೋಜೂಲ್, ಕರೆಂಟಿನ ಭಾಷೆಯಲ್ಲಿ ಹತ್ತಿರಹತ್ತಿರ 13 ಯೂನಿಟ್ ಶಾಖ. 12 ಗಂಟೆಯಲ್ಲಿ ಇಳಿಸುತ್ತೇವೆಂದರೆ 1.1 ಕಿಲೋವಾಟ್. ಗೋಡೆಯ 300 ವ್ಯಾಟ್, ಬಾಗಿಲು, ಫ್ಯಾನು, ಹಣ್ಣಿನ ಉಸಿರಾಟ ಎಲ್ಲ ಸೇರಿಸಿದರೂ ನಮ್ಮ 2.6ರೊಳಗೆ ಆರಾಮಾಗಿ ಕೂರುತ್ತದೆ. ಆದರೆ ಎರಡು ಟನ್ ಒಮ್ಮೆಗೇ ತುಂಬಿದರೆ 51 ಯೂನಿಟ್ ಶಾಖ. ಯಂತ್ರ ಇಡೀ ದಿನ ಏದುಸಿರು ಬಿಟ್ಟರೂ ನಡುವಿನ ಕ್ರೇಟುಗಳ ಹಣ್ಣು ಬಿಸಿಯೇ ಇರುತ್ತದೆ. ಖೋಲಿಯಲ್ಲಿ ಜಾಗ ಇದೆ ಅಂತ ತುಂಬಬಾರದು.

ಇಲ್ಲಿ ನಮ್ಮ ಹವೆ ಒಂದು ಉಪಕಾರ ಮಾಡುತ್ತದೆ. ದಖ್ಖನ್ನಿನ ರಾತ್ರಿ ತಂಪು. ಮಧ್ಯಾಹ್ನ ಕಿತ್ತ ಹಣ್ಣಿನ ಬದಲು ನಸುಕಿನಲ್ಲಿ ಕಿತ್ತದ್ದು 22 ಡಿಗ್ರಿ ಇದ್ದರೆ ಅದೇ 500 ಕಿಲೋಗೆ 13 ಯೂನಿಟ್ ಬದಲು 8ಕ್ಕಿಂತ ಕಡಿಮೆ ಸಾಕು. ಸಂಜೆ ಕಿತ್ತದ್ದನ್ನು ಬೇವಿನ ಗಿಡದ ಕೆಳಗೆ ಕ್ರೇಟಿನಲ್ಲಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಒಳಗೆ ಇಟ್ಟರೂ ನಡೆಯುತ್ತದೆ. ದೆಹಲಿಯ ಪೂಸಾ ಸಂಸ್ಥೆಯವರು ರೂಪಿಸಿದ ಶೂನ್ಯ ಇಂಧನದ ಶೀತಕೋಣೆಯನ್ನೂ ಈ ಮೊದಲ ಹಂತಕ್ಕೆ ಬಳಸಬಹುದು. ಎರಡು ಸಾಲು ಇಟ್ಟಿಗೆ, ನಡುವೆ ಏಳೂವರೆ ಸೆಂಟಿಮೀಟರ್ ಉಸುಕು, ಅದಕ್ಕೆ ನೀರು. ನೀರು ಆವಿಯಾಗುತ್ತ ತಂಪು ಮಾಡುತ್ತದೆ. 40 ಡಿಗ್ರಿ ಬಿಸಿ, ಶೇಕಡಾ 20 ತೇವಾಂಶದ ಹವೆಯಲ್ಲಿ ಈ ದಾರಿಯಿಂದ ಹೆಚ್ಚೆಂದರೆ 22ರ ಹತ್ತಿರಕ್ಕೆ ಹೋಗಬಹುದು, ಅದರ ಕೆಳಗೆ ನಿಸರ್ಗವೇ ಬಿಡುವುದಿಲ್ಲ. ಟ್ಯಾಂಕರ್ ನೀರು ಕೊಳ್ಳುವ ಊರಿನಲ್ಲಿ ಇದು ಸರಿಯೇ ಎಂದು ನೀವು ಕೇಳಬಹುದು. 500 ಕಿಲೋ ಹಣ್ಣನ್ನು 10 ಡಿಗ್ರಿ ಇಳಿಸಲು ಲೆಕ್ಕಕ್ಕೆ ಎಂಟು ಲೀಟರ್ ನೀರು ಆವಿಯಾದರೆ ಸಾಕು. ನಿಜದಲ್ಲಿ ಅದರ ಹಲವು ಪಟ್ಟು ಹೋಗುತ್ತದೆ, ಆದರೂ ಕೊಡಗಳ ಲೆಕ್ಕವೇ ಹೊರತು ಟ್ಯಾಂಕರಿನದಲ್ಲ.

ಕರೆಂಟಿಗಿಂತ ಕಡಿಮೆ ಚರ್ಚೆಯಾಗುವ, ಆದರೆ ಅಷ್ಟೇ ನಷ್ಟ ಮಾಡುವ ಸಂಗತಿ ತೇವ. ದಾಳಿಂಬೆಗೆ 5ರಿಂದ 7 ಡಿಗ್ರಿ, ಶೇಕಡಾ 90ರಿಂದ 95 ತೇವಾಂಶ ಬೇಕು. ಎ.ಸಿ.ಯ ಸ್ವಭಾವವೇ ಗಾಳಿಯನ್ನು ಒಣಗಿಸುವುದು. ಪೈಪಿನಿಂದ ಹೊರಗೆ ತೊಟ್ಟಿಕ್ಕುವ ನೀರು ಎಲ್ಲಿಂದ ಬಂತು? ಸ್ವಲ್ಪ ಹೊರಗಿನ ಹವೆಯಿಂದ, ಉಳಿದದ್ದು ನಮ್ಮ ಹಣ್ಣಿನಿಂದ. ಒಂದು ಉದಾಹರಣೆ ಲೆಕ್ಕ: ಒಂದು ಟನ್ ಹಣ್ಣು, 20 ದಿನ, ದಿನಕ್ಕೆ 12 ಯೂನಿಟ್. ಒಟ್ಟು 240 ಯೂನಿಟ್, ಕಿಲೋಗೆ ಕಾಲು ಯೂನಿಟ್. ಯೂನಿಟಿಗೆ 10 ರೂಪಾಯಿ ಹಿಡಿದರೆ 2,400 ರೂಪಾಯಿ. ಅದೇ 20 ದಿನದಲ್ಲಿ ತೂಕ ಶೇಕಡಾ 3 ಇಳಿದರೆ 30 ಕಿಲೋ ಹೋಯಿತು, ಕಿಲೋಗೆ 100 ರೂಪಾಯಿ ಹಿಡಿದರೆ 3,000. ಬಿಲ್ಲು ಕಣ್ಣಿಗೆ ಕಾಣುತ್ತದೆ, ಆವಿಯಾದ ಹಣ್ಣು ಕಾಣುವುದಿಲ್ಲ, ಅಷ್ಟೇ. ನೆಲಕ್ಕೆ ನೀರು ಚಿಮುಕಿಸುವುದು, ಒದ್ದೆ ಗೋಣಿತಟ್ಟು ತೂಗುಹಾಕುವುದು, ಕ್ರೇಟಿನೊಳಗೆ ತೂತಿನ ಪ್ಲಾಸ್ಟಿಕ್ ಹೊದಿಕೆ ಹಾಕುವುದು, ಈ ಅಗ್ಗದ ಕೆಲಸಗಳೇ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಇನ್ನೊಂದು ಕಡೆ, ಹೆಚ್ಚು ತಂಪಾದಷ್ಟೂ ಒಳ್ಳೆಯದು ಎಂದು 5ರ ಕೆಳಗೆ ಇಳಿಸಿದರೆ ದಾಳಿಂಬೆಗೆ ಚಳಿಯ ಪೆಟ್ಟು ಬೀಳುತ್ತದೆ. ಸಿಪ್ಪೆ ಕಂದುಗಟ್ಟಿ, ಕಾಳು ಬಣ್ಣಗೆಡುತ್ತವೆ. ಅದು ಖೋಲಿಯೊಳಗೆ ಕಾಣುವುದಿಲ್ಲ, ಹೊರಗೆ ತೆಗೆದ ಮೇಲೆ ವ್ಯಾಪಾರಿಯ ಮುಂದೆ ಕಾಣುತ್ತದೆ.

ಏನೇನು ಇಡಬಾರದು ಎಂಬುದನ್ನೂ ಹೇಳಬೇಕು, ಯಾಕೆಂದರೆ ಖೋಲಿ ಕಟ್ಟಿದ ಮರುದಿನದಿಂದ ಓಣಿಯವರೆಲ್ಲ ಬರುತ್ತಾರೆ. ಟೊಮೆಟೊ 7 ಡಿಗ್ರಿಯಲ್ಲಿ ರುಚಿಗೆಡುತ್ತದೆ, ಬಾಳೆ ಕಪ್ಪಾಗುತ್ತದೆ. ಉಳ್ಳಾಗಡ್ಡಿಗೆ ಒಣ ಹವೆ ಬೇಕು, ಈ ಒದ್ದೆಯಲ್ಲಿ ಮೊಳಕೆ ಬರುತ್ತದೆ. ಬೇದಾಣಿಗೆ ತಂಪು ಬೇಕು, ತೇವ ಬೇಡ, ಬಿಗಿಯಾಗಿ ಕಟ್ಟದಿದ್ದರೆ ನೀರು ಹೀರಿಕೊಳ್ಳುತ್ತದೆ. ತಾಜಾ ದ್ರಾಕ್ಷಿಗೆ ಬೇಕಾದದ್ದು ಸೊನ್ನೆಯ ಆಸುಪಾಸು, ಅಲ್ಲಿಗೆ ಈ ಯಂತ್ರ ಹೋಗುವುದಿಲ್ಲ. ರಫ್ತು ಮಾಡುವ ದ್ರಾಕ್ಷಿ ಬೆಳೆಗಾರ ಇದನ್ನು ನಂಬಿ ಕೂರಬಾರದು. ಮತ್ತೆ, ದುಂಡಾಣು ಅಂಗಮಾರಿ, ನಮ್ಮ ಕಡೆ ‘ತೇಲ್ಯಾ’ ಅನ್ನುವ ರೋಗ ತಗುಲಿದ ತೋಟದ ಹಣ್ಣನ್ನು ಒಳಗಿಟ್ಟು ಒಳ್ಳೆಯ ದರಕ್ಕೆ ಕಾಯುವುದು ಜೂಜು. ತಂಪು ರೋಗವನ್ನು ನಿಧಾನ ಮಾಡಬಹುದು, ವಾಸಿ ಮಾಡುವುದಿಲ್ಲ.

ಒಂದು ಸುರಕ್ಷತೆಯ ಮಾತನ್ನು ಒತ್ತಿ ಹೇಳುತ್ತೇನೆ. ಬಾಗಿಲು ಒಳಗಿನಿಂದ ತೆರೆಯುವಂತಿರಬೇಕು. ಹೊರಗಿನ ಚಿಲಕ ಮಾತ್ರ ಇರುವ ಖೋಲಿಯನ್ನು ಮಕ್ಕಳಿರುವ ಮನೆಯಲ್ಲಿ ಕಟ್ಟಲೇಬಾರದು. ನೆಲ ಸದಾ ಒದ್ದೆ ಇರುವ ಜಾಗವಾದ್ದರಿಂದ ಅರ್ಥಿಂಗ್ ಮತ್ತು ಸೋರಿಕೆಯಾದರೆ ಕರೆಂಟ್ ಕಡಿಯುವ ಸ್ವಿಚ್ ಇಲ್ಲದೆ ಚಾಲೂ ಮಾಡಬಾರದು.

ಮಾತು ಮುಗಿದ ಮೇಲೆ ಪ್ರಾಧ್ಯಾಪಕರೊಬ್ಬರು ಕೇಳಿದರು: ಹಳ್ಳಿಯಲ್ಲಿ ಕರೆಂಟೇ ನೆಟ್ಟಗಿರುವುದಿಲ್ಲ, ಎ.ಸಿ. ನಂಬಿ ಹಣ್ಣು ಇಡುವುದು ಹೇಗೆ? ಸೌರಶಕ್ತಿ ಆಗುವುದಿಲ್ಲವೇ?

ಇದಕ್ಕೂ ಉತ್ತರ ಗೋಡೆಯಲ್ಲೇ ಇದೆ ಸರ್. ಒಂದು ಟನ್ ಹಣ್ಣು 7 ಡಿಗ್ರಿಗೆ ಬಂದು ಕೂತಿದೆ ಅಂದ್ಕೊಳ್ಳಿ. ಆರು ಗಂಟೆ ಕರೆಂಟ್ ಹೋಯಿತು. ಪಫ್ ಗೋಡೆಯಿಂದ ಒಳಬರುವುದು 300 ವ್ಯಾಟ್, ಆರು ಗಂಟೆಗೆ 1.8 ಯೂನಿಟ್ ಶಾಖ. ಒಂದು ಟನ್ ಹಣ್ಣು ಅದನ್ನು ಹೀರಿಕೊಂಡು ಸುಮಾರು ಎರಡು ಡಿಗ್ರಿ ಏರುತ್ತದೆ, ಅಷ್ಟೇ. ಅಂದರೆ ಹಣ್ಣೇ ನಮ್ಮ ಬ್ಯಾಟರಿ. ಬರಿ ಇಟ್ಟಿಗೆ ಗೋಡೆ ಆಗಿದ್ದರೆ ಅದೇ ಆರು ಗಂಟೆಯಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ಏರುತ್ತಿತ್ತು. ಷರತ್ತು ಒಂದೇ: ಕರೆಂಟ್ ಹೋದಾಗ ‘ಹಣ್ಣ ಹ್ಯಾಂಗ್ ಅದಾವ ನೋಡೂಣು’ ಅಂತ ಬಾಗಿಲು ತೆರೆಯಬಾರದು. ಒಮ್ಮೆ ಒಳಗಿನ ಗಾಳಿಯೆಲ್ಲ ಬದಲಾದರೆ ಮುಕ್ಕಾಲು ಗಂಟೆ ಗೋಡೆಯಿಂದ ಬರುವಷ್ಟು ಶಾಖ ಒಮ್ಮೆಗೇ ಬಂದ ಹಾಗೆ. ಸೌರಶಕ್ತಿಯ ಮಾತಿಗೆ ಬಂದರೆ, ಪುಣೆಯ ಇಕೋಜೆನ್ ಕಂಪನಿ ‘ಇಕೋಫ್ರಾಸ್ಟ್’ ಹೆಸರಿನಲ್ಲಿ ಸೌರ ಕೋಲ್ಡ್ ರೂಮನ್ನೇ ಮಾಡುತ್ತದೆ. ಮನೆಯ ಖೋಲಿಗೆ ದಿನಕ್ಕೆ 12 ಯೂನಿಟ್ ಬೇಕೆಂದರೆ ನಮ್ಮ ಬಿಸಿಲಿಗೆ ಸುಮಾರು 3 ಕಿಲೋವಾಟ್ ಫಲಕ ಬೇಕು, ಕಂಪ್ರೆಸರ್ ಶುರುವಾಗುವ ಕ್ಷಣದ ಎಳೆತ ತಡೆಯುವ ಇನ್ವರ್ಟರ್ ಬೇಕು. ಹಗಲು ಐದೂವರೆಗೆ ಇಳಿಸಿ ರಾತ್ರಿ ಏಳಕ್ಕೆ ಏರಲು ಬಿಟ್ಟರೆ ಬ್ಯಾಟರಿ ಇಲ್ಲದೆ ಸುಮಾರು ಐದು ಗಂಟೆ ಕಳೆಯಬಹುದು. ಪೂರ್ತಿ ರಾತ್ರಿ ಕಳೆಯಲಾಗದು, ಉಳಿದ ಹೊತ್ತಿಗೆ ಲೈನಿನ ಕರೆಂಟೇ ಬೇಕು.

ಎರಡನೆಯ ಪ್ರಶ್ನೆ ಸಹಪಾಠಿಯೊಬ್ಬರದು: ಮನೆಗೊಂದರ ಬದಲು ಓಣಿಗೊಂದು ಕಟ್ಟಿದರೆ ಖರ್ಚು ಹಂಚಿಹೋಗುವುದಿಲ್ಲವೇ?

ಖರ್ಚು ಹಂಚಿಹೋಗುತ್ತದೆ. ಗೋಡೆಯ ಲೆಕ್ಕದಲ್ಲೂ ಲಾಭವೇ, ಖೋಲಿ ದೊಡ್ಡದಾದಷ್ಟೂ ಒಂದು ಟನ್ ಹಣ್ಣಿಗೆ ತಗಲುವ ಗೋಡೆ ಕಡಿಮೆ. ಆದರೆ ನಾಲ್ಕು ಮನೆಯವರ ಹಣ್ಣು ಎಂದರೆ ನಾಲ್ಕು ಬೇರೆ ದಿನದ ಕೊಯ್ಲು. ನಿನ್ನೆ ತಣ್ಣಗಾದ ಹಣ್ಣಿನ ಪಕ್ಕ ಇವತ್ತು ಬಿಸಿ ಹಣ್ಣು ಬಂದು ಕೂತರೆ ತಣ್ಣನೆಯದು ಬೆವರುತ್ತದೆ, ಬೆವರಿದ ಹಣ್ಣಿಗೆ ಬೂಷ್ಟು ಹತ್ತುತ್ತದೆ. ಬಾಗಿಲು ನಾಲ್ಕು ಪಟ್ಟು ತೆರೆಯುತ್ತದೆ. ನಮ್ಮ ಮನೆಯಲ್ಲಿ ಕಾಕಾನ ಮನೆಯದೂ ಸೇರಿ ಎರಡೇ ತೋಟದ ಹಣ್ಣು ಇದ್ದಾಗಲೇ ಕೀಲಿಕೈಗಾಗಿ ಮಾತಿಗೆ ಮಾತು ಬೆಳೆದಿತ್ತು. ಕೊನೆಗೆ ಅವ್ವ ಕೀಲಿಕೈ ತನ್ನ ಸೆರಗಿಗೆ ಕಟ್ಟಿಕೊಂಡು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಮಾತ್ರ ತೆರೆಯುತ್ತೇನೆ ಅಂದಳು. ಕ್ರೇಟಿನ ಮೇಲೆ ಕೊಯ್ದ ದಿನ, ಯಾರ ತೋಟ ಎಂದು ಸೀಮೆಸುಣ್ಣದಿಂದ ಬರೆಸಿದಳು. ಓಣಿಯ ಖೋಲಿ ಕಟ್ಟುವವರು ಯಂತ್ರ ಆರಿಸುವ ಮೊದಲು ಆ ಕೀಲಿಕೈ ಯಾರ ಹತ್ತಿರ ಇರಬೇಕು ಎಂದು ಮಾತಾಡಿಕೊಳ್ಳಲಿ.